ಅಕ್ಷರ ಸಣ್ಣಗಾಯಿತು ಅಂತ ರೆಸಲ್ಯೂಶನ್ ಮುಟ್ಟಬೇಡಿ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಕಂಪ್ಯೂಟರ್ ನೋಡಿ ಕಣ್ಣುಜ್ಜಿಕೊಂಡೆ. ಅಕ್ಷರವೆಲ್ಲ ಮಳೆಯಲ್ಲಿ ನೆನೆದ ಪೇಪರಿನ ಹಾಗೆ ಮಸುಕು ಮಸುಕು. ದುಂಡಗಿರಬೇಕಾದದ್ದೆಲ್ಲ ಕೋಳಿಮೊಟ್ಟೆ. ಪರದೆಯ ಮೇಲೆ ಹಾಕಿಕೊಂಡಿದ್ದ ಮೊಮ್ಮಗಳ ಫೋಟೋ ಅಡ್ಡಡ್ಡ ಹಿಗ್ಗಿ, ಮೂರು ವರ್ಷದ ಮಗು ಪೈಲ್ವಾನನ ಥರ ಕಾಣುತ್ತಿತ್ತು. "ಏನ್ ಚಿಕ್ಕಪ್ಪ ಇದು?" ಅಂದೆ. "ಅಕ್ಷರ ಸಣ್ಣ ಕಾಣ್ತಿತ್ತು ಕಣೋ, ರಿಪೇರಿಯವನನ್ನ ಕರೆಸಿದ್ದೆ. ಅದೇನೋ ಒತ್ತಿ ದೊಡ್ಡದು ಮಾಡ್ಕೊಟ್ಟ, ಮುನ್ನೂರು ರೂಪಾಯಿ ತಗೊಂಡ" ಅಂದರು.

ಅವನು ಮಾಡಿದ್ದು ಇಷ್ಟೇ. 1920×1080 ಇದ್ದ ರೆಸಲ್ಯೂಶನ್ನನ್ನು, ಅಂದರೆ ಪರದೆಯಲ್ಲಿ ಅಡ್ಡಕ್ಕೆಷ್ಟು, ಉದ್ದಕ್ಕೆಷ್ಟು ಚುಕ್ಕಿ ಅನ್ನುವ ಲೆಕ್ಕವನ್ನು, 1024×768ಕ್ಕೆ ಇಳಿಸಿದ್ದ. ಅಕ್ಷರ ದೊಡ್ಡದಾಯಿತು, ನಿಜ. ಕಣ್ಣು ಮಾತ್ರ ಇನ್ನೂ ಜಾಸ್ತಿ ನೋಯತೊಡಗಿತು.

ಈ ತಪ್ಪನ್ನು ಎಷ್ಟೋ ಮನೆಗಳಲ್ಲಿ, ಅಂಗಡಿಗಳಲ್ಲಿ ನೋಡಿದ್ದೇನೆ. ಅಕ್ಷರ ಓದೋಕೆ ಆಗುತ್ತಿಲ್ಲ ಅಂದ ತಕ್ಷಣ ಎಲ್ಲರ ಕೈ ಮೊದಲು ಹೋಗುವುದು ರೆಸಲ್ಯೂಶನ್ ಕಡೆಗೇ. ಅದು ಕಡೆಯಲ್ಲಿ ಕೂಡ ಮುಟ್ಟಬೇಕಾದ ಜಾಗ ಅಲ್ಲ. ಅಕ್ಷರ ದೊಡ್ಡದು ಮಾಡೋಕೆ ಬೇರೆ ದಾರಿಗಳಿವೆ, ಅವು ಸುಲಭವೂ ಹೌದು, ಅಕ್ಷರವನ್ನು ಮಸುಕು ಮಾಡುವುದೂ ಇಲ್ಲ.

ಮೊದಲು ತೊಂದರೆ ಎಲ್ಲಿದೆ ಅಂತ ಪತ್ತೆ ಹಚ್ಚಿ. ಅರ್ಧ ನಿಮಿಷದ ಕೆಲಸ. ಬ್ರೌಸರಿನಲ್ಲಿ ಬೇರೆ ಎರಡು ಸೈಟ್ ತೆಗೆದು ನೋಡಿ. ಒಂದೇ ಸೈಟಿನಲ್ಲಿ ಅಕ್ಷರ ಸಣ್ಣಗಿದ್ದು ಉಳಿದವು ಸರಿ ಇದ್ದರೆ, ಆ ಸೈಟಿನ ಜೂಮ್ ಯಾವಾಗಲೋ ಬದಲಾಗಿದೆ, ಇಲ್ಲವೇ ಆ ಸೈಟ್ ಕಟ್ಟಿದವರೇ ಸಣ್ಣ ಅಕ್ಷರ ಇಟ್ಟಿದ್ದಾರೆ. ಎಲ್ಲ ಸೈಟುಗಳಲ್ಲೂ ಸಣ್ಣ, ಆದರೆ ಪರದೆಯ ಕೆಳಗಿನ ಪಟ್ಟಿಯಲ್ಲಿರುವ ಗಡಿಯಾರ ಮಾಮೂಲಾಗಿದೆ ಅಂದರೆ ಬ್ರೌಸರಿನ ಸೆಟ್ಟಿಂಗ್ ನೋಡಬೇಕು. ಗಡಿಯಾರ, ಐಕಾನ್, ಮೆನು ಎಲ್ಲವೂ ಇರುವೆ ಸಾಲಿನ ಹಾಗೆ ಕಾಣುತ್ತಿದ್ದರೆ ಮಾತ್ರ ವಿಂಡೋಸ್ ಕಡೆಗೆ ಹೋಗಿ. ಇಷ್ಟು ನೋಡದೆ ಸುಮ್ನೆ ಸಿಕ್ಕಿದ್ದನ್ನೆಲ್ಲ ತಿರುಗಿಸಿದರೆ, ಆಮೇಲೆ ಯಾವುದನ್ನು ಎಷ್ಟಕ್ಕೆ ಇಟ್ಟಿದ್ದೆವು ಅನ್ನುವುದೇ ಮರೆತು ಹೋಗುತ್ತದೆ.

ಬ್ರೌಸರಿನೊಳಗೆ

ಕಂಟ್ರೋಲ್ ಕೀ ಹಿಡಿದುಕೊಂಡು ಪ್ಲಸ್ ಒತ್ತಿ, ಪುಟ ದೊಡ್ಡದಾಗುತ್ತದೆ. ಮೈನಸ್ ಒತ್ತಿದರೆ ಸಣ್ಣದಾಗುತ್ತದೆ. ಸೊನ್ನೆ ಒತ್ತಿದರೆ ಮೊದಲಿದ್ದ ಅಳತೆಗೆ ಬರುತ್ತದೆ. ಮ್ಯಾಕ್ ಇದ್ದವರು ಕಂಟ್ರೋಲ್ ಬದಲು ಕಮಾಂಡ್ ಒತ್ತಬೇಕು. ಕಂಟ್ರೋಲ್ ಹಿಡಿದು ಮೌಸಿನ ಚಕ್ರ ತಿರುಗಿಸಿದರೂ ಇದೇ ಆಗುತ್ತದೆ, ಮತ್ತು ಬಹಳ ಸಲ ತೊಂದರೆ ಶುರುವಾಗುವುದೂ ಅಲ್ಲಿಂದಲೇ: ಏನನ್ನೋ ಕಾಪಿ ಮಾಡೋಕೆ ಕಂಟ್ರೋಲ್ ಒತ್ತಿರುತ್ತೀರಿ, ಇನ್ನೊಂದು ಕೈ ಗೊತ್ತಿಲ್ಲದೆ ಚಕ್ರ ತಿರುಗಿಸಿರುತ್ತದೆ, ಪುಟ ಒಮ್ಮೆಗೇ 67 ಪರ್ಸೆಂಟಿಗೆ ಇಳಿದು ಕೂತಿರುತ್ತದೆ. ಆದ್ದರಿಂದ ಏನೇ ಆದರೂ ಮೊದಲು ಕಂಟ್ರೋಲ್ ಮತ್ತು ಸೊನ್ನೆ ಒತ್ತಿ ನೋಡಿ. ನನಗೆ ಫೋನ್ ಮಾಡುವ ನೆಂಟರಲ್ಲಿ ಅರ್ಧ ಜನರ ತೊಂದರೆ ಇಷ್ಟಕ್ಕೇ ಮುಗಿಯುತ್ತದೆ.

ಬ್ರೌಸರ್ ಈ ಜೂಮನ್ನು ಸೈಟ್ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುತ್ತದೆ. ಇವತ್ತು ಒಂದು ಪತ್ರಿಕೆಯ ಸೈಟನ್ನು 125ಕ್ಕೆ ಇಟ್ಟರೆ, ನಾಳೆ ತೆಗೆದಾಗಲೂ ಅದು 125ರಲ್ಲೇ ಇರುತ್ತದೆ, ಬ್ಯಾಂಕಿನ ಸೈಟ್ ಮಾತ್ರ ತನ್ನ 100ರಲ್ಲೇ ಇರುತ್ತದೆ. ಇದು ಒಳ್ಳೆಯದೇ. ಆದರೆ ಗೊತ್ತಿಲ್ಲದವರಿಗೆ "ಇದೊಂದು ಸೈಟ್ ಮಾತ್ರ ಯಾಕೆ ಹೀಗೆ?" ಅಂತ ತಲೆ ಕೆಡುತ್ತದೆ. ಫೈರ್‌ಫಾಕ್ಸಿನಲ್ಲಿ ಜೂಮ್ ಬದಲಾಗಿದ್ದರೆ ಮೇಲೆ ವಿಳಾಸದ ಪಟ್ಟಿಯಲ್ಲೇ ಪರ್ಸೆಂಟ್ ಕಾಣುತ್ತದೆ, ಅದರ ಮೇಲೆ ಒತ್ತಿದರೆ ಮೊದಲಿನಂತಾಗುತ್ತದೆ. ಕ್ರೋಮಿನಲ್ಲಿ ಬಲಗಡೆ ಮೂರು ಚುಕ್ಕಿ ಒತ್ತಿ, ಅಲ್ಲಿ ಜೂಮ್ ಸಾಲಿನಲ್ಲಿ ಈಗ ಎಷ್ಟಿದೆ ಅಂತ ನೋಡಬಹುದು.

ಪ್ರತಿ ಸೈಟಿಗೂ ಜೂಮ್ ಮಾಡಿ ಸಾಕಾಗಿದೆ ಅನ್ನುವವರು ಕ್ರೋಮಿನ ಸೆಟ್ಟಿಂಗ್ಸ್‌ನಲ್ಲಿ ಅಪಿಯರೆನ್ಸ್ ತೆಗೆಯಿರಿ. ಅಲ್ಲಿ ಎರಡು ಬೇರೆ ಬೇರೆ ಸಾಲುಗಳಿವೆ: ಫಾಂಟ್ ಸೈಜ್, ಪೇಜ್ ಜೂಮ್. ಒಂದೇ ಅಲ್ವಾ ಅನ್ನಿಸುತ್ತದೆ, ಅಲ್ಲ. ಪೇಜ್ ಜೂಮ್ ಇಡೀ ಪುಟವನ್ನು, ಅಂದರೆ ಫೋಟೋ, ಬಟನ್, ಅಕ್ಷರ ಎಲ್ಲವನ್ನೂ ಹಿಗ್ಗಿಸುತ್ತದೆ. ಫಾಂಟ್ ಸೈಜ್ ಅಕ್ಷರವನ್ನು ಮಾತ್ರ ಬದಲಿಸುತ್ತದೆ, ಅದೂ ಸೈಟ್ ಒಪ್ಪಿದರೆ. ಬ್ರೌಸರಿನ ಮಾಮೂಲು ಅಕ್ಷರ 16 ಪಿಕ್ಸೆಲ್ (ಪಿಕ್ಸೆಲ್ ಅಂದರೆ ಪರದೆಯ ಚುಕ್ಕಿ). ಕೆಲವು ಸೈಟುಗಳು "ಓದುವವರು ಇಟ್ಟ ಅಳತೆಗೆ ತಕ್ಕಂತೆ ಇರಲಿ" ಅಂತ ಬರೆದಿರುತ್ತವೆ, ಅವು ನಿಮ್ಮ ಮಾತು ಕೇಳುತ್ತವೆ. ಇನ್ನು ಕೆಲವು "ಇಲ್ಲಿ 12 ಪಿಕ್ಸೆಲ್ಲೇ" ಅಂತ ಹಟ ಹಿಡಿದಿರುತ್ತವೆ. ಅಂಥವಕ್ಕೆ ಫಾಂಟ್ ಸೈಜ್ ಎಷ್ಟು ಬದಲಿಸಿದರೂ ಲೆಕ್ಕಕ್ಕಿಲ್ಲ, ಜೂಮ್ ಮಾತ್ರ ಕೇಳುತ್ತದೆ.

ನನಗೆ ಬಹಳ ಇಷ್ಟವಾದ ಸೆಟ್ಟಿಂಗ್ ಇನ್ನೊಂದಿದೆ, ಅದನ್ನು ಯಾರೂ ತೆಗೆದೇ ನೋಡುವುದಿಲ್ಲ. ಅದೇ ಅಪಿಯರೆನ್ಸ್ ಒಳಗೆ ಕಸ್ಟಮೈಸ್ ಫಾಂಟ್ಸ್ ಅಂತ ಇದೆ, ಅದರೊಳಗೆ ಮಿನಿಮಮ್ ಫಾಂಟ್ ಸೈಜ್. ಅದನ್ನು 14ಕ್ಕೋ 15ಕ್ಕೋ ಇಟ್ಟುಬಿಟ್ಟರೆ, ಹಟ ಹಿಡಿದ ಸೈಟ್ ಕೂಡ ಅದಕ್ಕಿಂತ ಸಣ್ಣ ಅಕ್ಷರ ತೋರಿಸುವ ಹಾಗಿಲ್ಲ. ಈಗಾಗಲೇ ದೊಡ್ಡಗಿರುವ ಅಕ್ಷರ ಹಾಗೇ ಇರುತ್ತದೆ, ಪುಟದ ಅಡಿಯ ಸಣ್ಣ ಸಾಲುಗಳು ಮಾತ್ರ ಮೇಲೇಳುತ್ತವೆ. ತುಂಬ ಜಾಸ್ತಿ ಇಟ್ಟರೆ ಮೆನುಗಳು ಒಂದರ ಮೇಲೊಂದು ಹತ್ತಿ ಕೂರುತ್ತವೆ, ಅದಕ್ಕೇ ಒಂದೊಂದೇ ಏರಿಸಿ ನೋಡಿ.

ಫೈರ್‌ಫಾಕ್ಸಿನಲ್ಲಿ ಜೂಮ್ ಟೆಕ್ಸ್ಟ್ ಓನ್ಲಿ ಅಂತ ಇನ್ನೊಂದಿದೆ. ಕೀಬೋರ್ಡಿನ ಆಲ್ಟ್ ಒತ್ತಿದರೆ ಮೇಲೆ ಹಳೆಯ ಮೆನು ಬರುತ್ತದೆ, ಅಲ್ಲಿ ವ್ಯೂ, ಅದರೊಳಗೆ ಜೂಮ್. ಇದನ್ನು ಆನ್ ಮಾಡಿದರೆ ಕಂಟ್ರೋಲ್ ಪ್ಲಸ್ ಒತ್ತಿದಾಗ ಫೋಟೋಗಳು ಹಾಗೇ ಇದ್ದು ಅಕ್ಷರ ಮಾತ್ರ ಬೆಳೆಯುತ್ತದೆ.

ಜೂಮ್ ಜಾಸ್ತಿ ಮಾಡಿದಾಗ ಕೆಲವು ಸೈಟುಗಳ ವೇಷವೇ ಬದಲಾಗುತ್ತದೆ. ಮೇಲಿದ್ದ ಮೆನು ಮಾಯವಾಗಿ ಮೂರು ಅಡ್ಡಗೆರೆ ಬರುತ್ತದೆ, ಪಕ್ಕದಲ್ಲಿದ್ದದ್ದು ಕೆಳಗೆ ಇಳಿಯುತ್ತದೆ. ಗಾಬರಿ ಬೇಡ. ಜೂಮ್ ಮಾಡಿದಷ್ಟೂ ಸೈಟಿಗೆ ಪರದೆ ಕಿರಿದಾದ ಹಾಗೆ ಲೆಕ್ಕ, ಅದು ನಿಮ್ಮದು ಮೊಬೈಲ್ ಅಂತ ತಿಳಿದು ಮೊಬೈಲಿನ ವಿನ್ಯಾಸ ಕೊಡುತ್ತದೆ. ಆ ಮೂರು ಗೆರೆ ಒತ್ತಿದರೆ ಮೆನು ಅಲ್ಲೇ ಇದೆ.

ಕನ್ನಡದ ಸಂಗತಿಯೇ ಬೇರೆ

ಇಂಗ್ಲಿಷಿಗೆ ಸಾಕಾಗುವ ಅಳತೆ ಕನ್ನಡಕ್ಕೆ ಸಾಕಾಗುವುದಿಲ್ಲ. ಇಂಗ್ಲಿಷ್ ಅಕ್ಷರ ಒಂದರ ಪಕ್ಕ ಒಂದು ಕೂರುತ್ತದೆ, ನಮ್ಮದು ಒಂದರ ಕೆಳಗೆ ಒಂದು ಇಳಿಯುತ್ತದೆ. "ಸ್ವಾತಂತ್ರ್ಯ" ಅಥವಾ "ರಾಷ್ಟ್ರೀಯ" ಅಂತ 12 ಪಿಕ್ಸೆಲ್ಲಿನಲ್ಲಿ ಬರೆದು ನೋಡಿ, ಒತ್ತಕ್ಷರಗಳಿಗೆ ಉಳಿಯುವುದು ನಾಲ್ಕೈದು ಚುಕ್ಕಿಯ ಜಾಗ. ಅಷ್ಟರಲ್ಲಿ ಟಕಾರದ ಒತ್ತು ಯಾವುದು, ರಕಾರದ್ದು ಯಾವುದು ಅಂತ ಯಾವ ಕಣ್ಣಿಗೂ ಗೊತ್ತಾಗುವುದಿಲ್ಲ, ವಯಸ್ಸಿನ ಮಾತೇ ಅಲ್ಲ ಇದು. ಹಾಗಾಗಿ ಕನ್ನಡ ಸೈಟುಗಳಿಗೆ 110ರಿಂದ 125 ಪರ್ಸೆಂಟ್ ಜೂಮ್ ಇಟ್ಟುಕೊಳ್ಳುವುದು ಕಣ್ಣು ಚೆನ್ನಾಗಿರುವವರಿಗೂ ಒಳ್ಳೆಯದೇ.

ಫಾಂಟಿನಿಂದಲೂ ವ್ಯತ್ಯಾಸ ಆಗುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಬಂದ ತುಂಗಾ ಫಾಂಟಿನಲ್ಲಿ ಕನ್ನಡ ಅಕ್ಷರ ಪಕ್ಕದ ಇಂಗ್ಲಿಷಿಗಿಂತ ಕುಳ್ಳಗೆ ಕಾಣುತ್ತದೆ. ವಿಂಡೋಸ್ 8ರಿಂದ ನಿರ್ಮಲಾ ಯುಐ ಅನ್ನುವ ಫಾಂಟ್ ಬಂದಿದೆ, ಅದು ವಾಸಿ. ನನಗೆ ಗೂಗಲ್ ಪುಕ್ಕಟೆ ಕೊಡುವ ನೋಟೋ ಸಾನ್ಸ್ ಕನ್ನಡ ಇಷ್ಟ, ಇಳಿಸಿಕೊಂಡು ಫೈಲಿನ ಮೇಲೆ ಬಲಗಡೆ ಬಟನ್ ಒತ್ತಿ ಇನ್‌ಸ್ಟಾಲ್ ಅಂದರೆ ಆಯಿತು. ಆಮೇಲೆ ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನಲ್ಲಿ ಫಾಂಟ್ಸ್ ಇರುವ ಕಡೆ ಅಡ್ವಾನ್ಸ್‌ಡ್ ಒತ್ತಿ. ಮೇಲಿನ ಪಟ್ಟಿಯಲ್ಲಿ ಭಾಷೆಗಳಿರುತ್ತವೆ, ಕನ್ನಡ ಆರಿಸಿ. ಕನ್ನಡಕ್ಕೆ ಮಾತ್ರ ಬೇರೆ ಫಾಂಟು, ಬೇರೆ ಅಳತೆ, ಬೇರೆ ಮಿನಿಮಮ್ ಸೈಜ್ ಕೊಡಬಹುದು, ಇಂಗ್ಲಿಷ್ ಸೈಟುಗಳು ತಮ್ಮಷ್ಟಕ್ಕೆ ಇರುತ್ತವೆ. ಕನ್ನಡ ಜಾಸ್ತಿ ಓದುವವರಿಗೆ ನಾನು ಫೈರ್‌ಫಾಕ್ಸ್ ಹಾಕಿಕೊಡುವುದು ಇದೊಂದೇ ಕಾರಣಕ್ಕೆ.

ಒತ್ತಕ್ಷರದ ಬಾಲ ಕತ್ತರಿಸಿ ಹೋಗಿದ್ದರೆ, ಇಲ್ಲವೇ ಕೆಳಗಿನ ಸಾಲಿನ ದೀರ್ಘಕ್ಕೆ ಮೇಲಿನ ಸಾಲಿನ ಒತ್ತು ಡಿಕ್ಕಿ ಹೊಡೆಯುತ್ತಿದ್ದರೆ, ಅದು ನಿಮ್ಮ ಕಂಪ್ಯೂಟರಿನ ತಪ್ಪಲ್ಲ. ಸೈಟ್ ಮಾಡಿದವರು ಇಂಗ್ಲಿಷ್ ನೋಡಿ ಸಾಲಿನ ನಡುವಿನ ಜಾಗ ಇಟ್ಟಿದ್ದಾರೆ, ಅಷ್ಟೇ. ಜೂಮ್ ಮಾಡಿದರೆ ಆ ತಪ್ಪೂ ಜೊತೆಗೇ ದೊಡ್ಡದಾಗುತ್ತದೆ. ಇಂಥ ಕಡೆ ರೀಡರ್ ವ್ಯೂ ಬಳಸಿ. ಫೈರ್‌ಫಾಕ್ಸ್ ಮತ್ತು ಎಡ್ಜ್ ಎರಡರಲ್ಲೂ ಎಫ್ 9 ಒತ್ತಿದರೆ ಜಾಹೀರಾತು, ಮೆನು, ಪಕ್ಕದ ಪಟ್ಟಿ ಎಲ್ಲ ಹೋಗಿ ಬರಹ ಮಾತ್ರ ಉಳಿಯುತ್ತದೆ, ಅಲ್ಲಿ ಅಕ್ಷರದ ಅಳತೆ, ಸಾಲಿನ ನಡುವಿನ ಅಂತರ, ಹಿಂದಿನ ಬಣ್ಣ ಎಲ್ಲ ನಿಮ್ಮ ಕೈಯಲ್ಲಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್ಎನ್ ಕೀಯನ್ನೂ ಜೊತೆಗೆ ಒತ್ತಬೇಕಾಗುತ್ತದೆ. ಎಲ್ಲ ಪುಟಕ್ಕೂ ಇದು ಬರುವುದಿಲ್ಲ, ಲೇಖನ, ಸುದ್ದಿಯಂಥ ಪುಟಗಳಿಗೆ ಬರುತ್ತದೆ.

ಈ-ಪೇಪರ್ ಓದುವವರಿಗೆ ಒಂದು ಮಾತು. ಅಲ್ಲಿ ಬಹಳ ಸಲ ನೀವು ನೋಡುತ್ತಿರುವುದು ಅಕ್ಷರವನ್ನಲ್ಲ, ಪುಟದ ಚಿತ್ರವನ್ನು. ಫಾಂಟ್ ಸೈಜ್, ಮಿನಿಮಮ್ ಸೈಜ್ ಯಾವುದೂ ಅದಕ್ಕೆ ತಾಗುವುದಿಲ್ಲ. ಬ್ರೌಸರಿನ ಜೂಮ್ ಮಾಡಿದರೆ ಚಿತ್ರ ಹಿಗ್ಗಿ ಮಸುಕಾಗಬಹುದು, ಅದರ ಬದಲು ಆ ಪುಟದಲ್ಲೇ ಇರುವ ಪ್ಲಸ್ ಗುರುತೋ ಭೂತಗನ್ನಡಿಯ ಗುರುತೋ ಒತ್ತಿದರೆ ಕೆಲವು ಕಡೆ ಅದೇ ಪುಟದ ದೊಡ್ಡ ಚಿತ್ರ ಬರುತ್ತದೆ. ಇನ್ನು, ತುಂಬ ಹಳೆಯ ಕನ್ನಡ ಸೈಟ್ ತೆಗೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ಅದು ಅಳತೆಯ ತೊಂದರೆಯೇ ಅಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಪದ್ಧತಿಯಾದ ಯೂನಿಕೋಡ್ ಬರುವ ಮುಂಚಿನ ಫಾಂಟಿನಲ್ಲಿ ಬರೆದದ್ದು ಅದು. ಜೂಮ್ ಮಾಡಿ ಸಮಯ ಹಾಳು ಮಾಡಿಕೊಳ್ಳಬೇಡಿ.

ಇಡೀ ಪರದೆಯೇ ಸಣ್ಣಗಿದ್ದರೆ

ಹೊಸ ಲ್ಯಾಪ್‌ಟಾಪ್ ತಂದವರ ಗೋಳು ಇದು. ಹಳೆಯದೂ 15.6 ಇಂಚು, ಹೊಸದೂ 15.6 ಇಂಚು, ಆದರೂ ಹೊಸದರಲ್ಲಿ ಅಕ್ಷರ ಸಣ್ಣ. ಕಾರಣ ಸರಳ. ಹಳೆಯದರಲ್ಲಿ 1366×768 ಚುಕ್ಕಿಗಳಿದ್ದವು, ಅಂದರೆ ಒಂದು ಇಂಚಿಗೆ ಸುಮಾರು 100. ಹೊಸದರಲ್ಲಿ 1920×1080, ಇಂಚಿಗೆ ಸುಮಾರು 141. ಅಷ್ಟೇ ಚುಕ್ಕಿಗಳಲ್ಲಿ ಬರೆದ ಅಕ್ಷರ ಹೊಸ ಪರದೆಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ.

ಇದಕ್ಕೆ ಮದ್ದು ಸ್ಕೇಲ್. ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ಮೌಸಿನ ಬಲಗಡೆ ಬಟನ್ ಒತ್ತಿ, ಡಿಸ್‌ಪ್ಲೇ ಸೆಟ್ಟಿಂಗ್ಸ್ ಆರಿಸಿ. ಸ್ವಲ್ಪ ಕೆಳಗೆ ಸ್ಕೇಲ್ ಅಂತ ಇದೆ: 100, 125, 150, 175 ಹೀಗೆ. 125 ಇಲ್ಲವೇ 150 ಮಾಡಿ ನೋಡಿ. ಚುಕ್ಕಿಗಳ ಲೆಕ್ಕ ಹಾಗೇ ಇರುತ್ತದೆ, ಆದರೆ ವಿಂಡೋಸ್ ಒಂದೊಂದು ಅಕ್ಷರಕ್ಕೂ ಜಾಸ್ತಿ ಚುಕ್ಕಿ ಬಳಸುತ್ತದೆ. ಅಕ್ಷರ ದೊಡ್ಡದೂ ಆಗುತ್ತದೆ, ಇನ್ನೂ ಸ್ಪಷ್ಟವೂ ಆಗುತ್ತದೆ. ಬ್ರೌಸರಿನ ಪುಟಗಳೂ ಜೊತೆಗೇ ದೊಡ್ಡದಾಗುತ್ತವೆ, ಆದ್ದರಿಂದ ಮೊದಲೇ ಅಲ್ಲಿ ಜೂಮ್ ಏರಿಸಿದ್ದರೆ ಈಗ ಇಳಿಸಬೇಕಾಗಬಹುದು.

ಐಕಾನ್, ಕಿಟಕಿ ಎಲ್ಲ ಸರಿ ಇವೆ, ಮೆನುವಿನ ಅಕ್ಷರ ಮಾತ್ರ ದೊಡ್ಡದು ಬೇಕು ಅಂದರೆ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಟೆಕ್ಸ್ಟ್ ಸೈಜ್. ಅಲ್ಲಿ 100ರಿಂದ 225ರವರೆಗೆ ಎಳೆಯುವ ಪಟ್ಟಿ ಇದೆ. ವಿಂಡೋಸ್ 10ರಲ್ಲಿ ಇದು ಈಸ್ ಆಫ್ ಆಕ್ಸೆಸ್ ಒಳಗೆ ಸಿಗುತ್ತದೆ. ಯಾವಾಗಲೋ ಒಮ್ಮೆ ಮಾತ್ರ ಸಣ್ಣದೇನನ್ನೋ ನೋಡಬೇಕಾದರೆ ವಿಂಡೋಸ್ ಕೀ ಹಿಡಿದು ಪ್ಲಸ್ ಒತ್ತಿ, ಭೂತಗನ್ನಡಿ ಬರುತ್ತದೆ. ವಿಂಡೋಸ್ ಕೀ ಮತ್ತು ಎಸ್ಕೇಪ್ ಒತ್ತಿದರೆ ಹೋಗುತ್ತದೆ. ಹೋಗಿಸುವುದು ಹೇಗೆ ಅಂತ ಗೊತ್ತಿಲ್ಲದೆ ಕಂಪ್ಯೂಟರನ್ನೇ ಆಫ್ ಮಾಡಿದವರನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ.

ಮ್ಯಾಕಿನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ಡಿಸ್‌ಪ್ಲೇಸ್ ತೆಗೆದು ಲಾರ್ಜರ್ ಟೆಕ್ಸ್ಟ್ ಕಡೆಗೆ ಸರಿಸಿದರೆ ಆಯಿತು. ಉಬುಂಟುವಿನಲ್ಲಿ ಸೆಟ್ಟಿಂಗ್ಸ್ ಒಳಗಿನ ಆಕ್ಸೆಸಿಬಿಲಿಟಿಯಲ್ಲಿ ಲಾರ್ಜ್ ಟೆಕ್ಸ್ಟ್ ಆನ್ ಮಾಡಿ.

ರೆಸಲ್ಯೂಶನ್ ಯಾವಾಗ ಮುಟ್ಟಬೇಕು

ಯಾರೋ ಅದನ್ನು ಕೆಡಿಸಿದ್ದಾಗ ಮಾತ್ರ. ಅದೇ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಸ್ಕೇಲ್ ಪಕ್ಕದಲ್ಲೇ ಡಿಸ್‌ಪ್ಲೇ ರೆಸಲ್ಯೂಶನ್ ಇದೆ. ಪಟ್ಟಿ ಬಿಚ್ಚಿದರೆ ಒಂದರ ಮುಂದೆ ರೆಕಮೆಂಡೆಡ್ ಅಂತ ಬರೆದಿರುತ್ತದೆ. ಅದನ್ನೇ ಆರಿಸಿ, ಬೇರೆ ಯೋಚನೆ ಬೇಡ.

ಯಾಕೆ ಅಂದರೆ, ಎಲ್‌ಸಿಡಿ ಪರದೆ ಅಂದರೆ ಚುಕ್ಕಿ ಇಟ್ಟು ಮುಗಿಸಿದ ರಂಗೋಲಿ ಅಂಗಳ. ಅಡ್ಡಕ್ಕೆ 1920 ಚುಕ್ಕಿ, ಉದ್ದಕ್ಕೆ 1080, ಕಾರ್ಖಾನೆಯಲ್ಲೇ ಇಟ್ಟಾಗಿದೆ. ನೀವು 1024 ಚುಕ್ಕಿಯ ರಂಗೋಲಿ ಬಿಡಿಸು ಅಂದರೆ ಒಂದೊಂದು ಚುಕ್ಕಿಯೂ 1.875 ಚುಕ್ಕಿಯ ಜಾಗ ತುಂಬಬೇಕು. ಅರ್ಧ ಚುಕ್ಕಿ, ಮುಕ್ಕಾಲು ಚುಕ್ಕಿ ಅಂತ ಇಲ್ಲವಲ್ಲ, ಅದಕ್ಕೇ ಅಕ್ಕಪಕ್ಕದ ಬಣ್ಣ ಕಲಸಿ ಸರಿದೂಗಿಸುತ್ತದೆ. ಆ ಕಲಸಿದ ಬಣ್ಣವೇ ನೀವು ನೋಡುವ ಮಸುಕು. ಹಿಂದಿನ ಡಬ್ಬದಂಥ ಸಿಆರ್‌ಟಿ ಮಾನಿಟರುಗಳಲ್ಲಿ ಹೀಗೆ ಕಟ್ಟಿಹಾಕಿದ ಚುಕ್ಕಿ ಲೆಕ್ಕ ಇರಲಿಲ್ಲ, ಆಗ ರೆಸಲ್ಯೂಶನ್ ಇಳಿಸಿ ಅಕ್ಷರ ದೊಡ್ಡದು ಮಾಡುವುದು ನಡೆಯುತ್ತಿತ್ತು. ಚಿಕ್ಕಪ್ಪನ ರಿಪೇರಿಯವನು ಕೆಲಸ ಕಲಿತದ್ದು ಆ ಕಾಲದಲ್ಲೇ ಇರಬೇಕು.

ರೆಸಲ್ಯೂಶನ್ ಬದಲಿಸಿದಾಗ ಪರದೆ ಕಪ್ಪಾಗಿ ಏನೂ ಕಾಣದಿದ್ದರೆ ಕೈ ಕಟ್ಟಿ ಸುಮ್ಮನೆ ಕೂತುಕೊಳ್ಳಿ. ಇದನ್ನೇ ಉಳಿಸಿಕೊಳ್ಳಲಾ ಅಂತ ವಿಂಡೋಸ್ ಕೇಳಿರುತ್ತದೆ, ನೀವು ಉತ್ತರ ಕೊಡದಿದ್ದರೆ 15 ಸೆಕೆಂಡಿನಲ್ಲಿ ತಾನೇ ಹಿಂದಿನದಕ್ಕೆ ಹೋಗುತ್ತದೆ. ಗಾಬರಿಯಲ್ಲಿ ಎಂಟರ್ ಒತ್ತಬೇಡಿ.

ಪಟ್ಟಿಯಲ್ಲಿ ಸರಿಯಾದ ರೆಸಲ್ಯೂಶನ್ನೇ ಇಲ್ಲದಿದ್ದರೆ? ಎರಡು ಕಡೆ ಅನುಮಾನ ಪಡಬೇಕು. ಒಂದು, ಡ್ರೈವರ್, ಅಂದರೆ ಪರದೆಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ಸಾಫ್ಟ್‌ವೇರ್. ಸ್ಟಾರ್ಟ್ ಬಟನ್ ಮೇಲೆ ಬಲಗಡೆ ಬಟನ್ ಒತ್ತಿ ಡಿವೈಸ್ ಮ್ಯಾನೇಜರ್ ತೆಗೆಯಿರಿ, ಡಿಸ್‌ಪ್ಲೇ ಅಡಾಪ್ಟರ್ಸ್ ಬಿಚ್ಚಿ. ಅಲ್ಲಿ ಇಂಟೆಲ್, ಎಎಂಡಿ, ಎನ್ವಿಡಿಯಾ ಯಾವ ಹೆಸರೂ ಇಲ್ಲದೆ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತ ಮಾತ್ರ ಇದ್ದರೆ ಕಳ್ಳ ಸಿಕ್ಕಿದ. ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಹೀಗಾಗುವುದು ಜಾಸ್ತಿ. ಮೊದಲು ವಿಂಡೋಸ್ ಅಪ್‌ಡೇಟ್ ಓಡಿಸಿ ನೋಡಿ, ಬಹಳ ಸಲ ಡ್ರೈವರನ್ನು ಅದೇ ತಂದುಕೊಡುತ್ತದೆ. ತರದಿದ್ದರೆ ಕಂಪ್ಯೂಟರ್ ಮಾಡಿದ ಕಂಪನಿಯ ಸೈಟಿಗೆ ಹೋಗಿ ಮಾಡೆಲ್ ಹೆಸರು ಹಾಕಿ ಇಳಿಸಿಕೊಳ್ಳಿ. "ನಿಮ್ಮ ಎಲ್ಲ ಡ್ರೈವರ್ ಸರಿಮಾಡುತ್ತೇವೆ" ಅಂತ ಜಾಹೀರಾತಿನಲ್ಲಿ ಬರುವ ಸಾಫ್ಟ್‌ವೇರ್‌ಗಳ ಹತ್ತಿರ ಕೂಡ ಸುಳಿಯಬೇಡಿ.

ಎರಡನೆಯದು ಕೇಬಲ್. ಮಾನಿಟರ್ ತನ್ನ ಅಳತೆಯನ್ನು ಕೇಬಲ್ ಮೂಲಕವೇ ಕಂಪ್ಯೂಟರಿಗೆ ಹೇಳುತ್ತದೆ. ನೀಲಿ ತಲೆಯ ವಿಜಿಎ ಕೇಬಲ್ಲಿನ 15 ಪಿನ್ನುಗಳಲ್ಲಿ ಒಂದು ಬಗ್ಗಿದ್ದರೂ, ಮಧ್ಯೆ ಅಗ್ಗದ ಕನ್ವರ್ಟರ್ ಇದ್ದರೂ ಆ ಮಾತು ತಲುಪದೇ ಹೋಗಬಹುದು. ಆಗ ಕಂಪ್ಯೂಟರ್ ಊಹೆಯ ಮೇಲೆ ಏನೋ ಒಂದು ಕೊಡುತ್ತದೆ. ಎರಡೂ ಕಡೆ ಎಚ್‌ಡಿಎಂಐ ತೂತು ಇದ್ದರೆ ಆ ಕೇಬಲ್ಲೇ ಹಾಕಿ, ಮುಗಿಯಿತು. ವಿಜಿಎ ಬಿಟ್ಟರೆ ಗತಿ ಇಲ್ಲದವರು ಪುಟ ಒಂದು ಪಕ್ಕಕ್ಕೆ ಸರಿದಿದ್ದರೆ ಮಾನಿಟರಿನ ಆಟೋ ಬಟನ್ ಒತ್ತಿ.

ಟೀವಿಯನ್ನೇ ಮಾನಿಟರ್ ಮಾಡಿಕೊಂಡವರಿಗೆ ಅಂಚು ಕತ್ತರಿಸಿ ಹೋಗುತ್ತದೆ, ಸ್ಟಾರ್ಟ್ ಬಟನ್ ಅರ್ಧ ಮಾತ್ರ ಕಾಣುತ್ತದೆ. ಇಲ್ಲೂ ಕಂಪ್ಯೂಟರಿನದ್ದು ತಪ್ಪಿಲ್ಲ. ಟೀವಿಯ ರಿಮೋಟ್ ತಗೊಂಡು ಪಿಕ್ಚರ್ ಸೈಜ್ ಅನ್ನುವ ಕಡೆ ಸ್ಕ್ರೀನ್ ಫಿಟ್ ಅಥವಾ ಜಸ್ಟ್ ಸ್ಕ್ಯಾನ್ ಅಂತ ಇರುವುದನ್ನು ಆರಿಸಿ, ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ.

ಎಲ್ಲ ಸರಿ ಇದ್ದು ಒಂದೇ ಒಂದು ಹಳೆಯ ಪ್ರೋಗ್ರಾಂ ಮಸುಕಾಗಿದ್ದರೆ, ಅದರ ಐಕಾನ್ ಮೇಲೆ ಬಲಗಡೆ ಬಟನ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್. ಅಲ್ಲಿ ಕೆಳಗಿನ ಓವರ್‌ರೈಡ್ ಚೌಕಕ್ಕೆ ಗುರುತು ಹಾಕಿ, ಮೊದಲು ಸಿಸ್ಟಮ್ ಎನ್‌ಹ್ಯಾನ್ಸ್‌ಡ್ ಇಟ್ಟು ನೋಡಿ, ಆಗದಿದ್ದರೆ ಅಪ್ಲಿಕೇಶನ್. ಎರಡನೆಯದರಲ್ಲಿ ಅಕ್ಷರ ಸ್ಪಷ್ಟವಾಗುತ್ತದೆ, ಆದರೆ ಸಣ್ಣದಾಗಬಹುದು. ಅಕ್ಷರದ ಅಂಚು ಎಲ್ಲೆಲ್ಲೂ ಒರಟೊರಟಾಗಿ ಕಂಡರೆ ಸ್ಟಾರ್ಟಿನಲ್ಲಿ ಕ್ಲಿಯರ್‌ಟೈಪ್ ಅಂತ ಹುಡುಕಿ. ಕಣ್ಣಿನ ಡಾಕ್ಟರ ಹಾಗೆ ಒಂದಾದ ಮೇಲೊಂದು ಮಾದರಿ ತೋರಿಸಿ ಯಾವುದು ಚೆನ್ನಾಗಿದೆ ಅಂತ ಕೇಳುತ್ತದೆ, ಆರಿಸುತ್ತಾ ಹೋಗಿ.

ಚಿಕ್ಕಪ್ಪನ ಕಂಪ್ಯೂಟರಿಗೆ ನಾನು ಮಾಡಿದ್ದು ಮೂರೇ ಕೆಲಸ: ರೆಸಲ್ಯೂಶನ್ 1920×1080ಕ್ಕೆ ವಾಪಸ್, ಸ್ಕೇಲ್ 150, ಫೈರ್‌ಫಾಕ್ಸಿನಲ್ಲಿ ಕನ್ನಡಕ್ಕೆ ಮಿನಿಮಮ್ ಸೈಜ್ 18. ಹತ್ತು ನಿಮಿಷ ಹಿಡಿಯಿತು. ಎರಡು ವಾರ ಬಿಟ್ಟು ಫೋನ್ ಬಂತು. "ಪರದೆ ತಲೆಕೆಳಗಾಗಿದೆ ಕಣೋ, ಮಾನಿಟರನ್ನೇ ಉಲ್ಟಾ ಇಟ್ಕೊಂಡು ಪೇಪರ್ ಓದ್ತಿದೀನಿ." ಮೊಮ್ಮಗಳು ಕೀಬೋರ್ಡ್ ಮೇಲೆ ಕೈಯಾಡಿಸಿದ್ದಳು. ಹಳೆಯ ಇಂಟೆಲ್ ಗ್ರಾಫಿಕ್ಸ್ ಇರುವ ಕಂಪ್ಯೂಟರುಗಳಲ್ಲಿ ಕಂಟ್ರೋಲ್, ಆಲ್ಟ್ ಜೊತೆ ಕೆಳಗಿನ ಬಾಣ ಒತ್ತಿದರೆ ಹೀಗಾಗುತ್ತದೆ, ಮೇಲಿನ ಬಾಣ ಒತ್ತಿದರೆ ನೆಟ್ಟಗಾಗುತ್ತದೆ. ನಿಮ್ಮದರಲ್ಲಿ ಅದು ಕೆಲಸ ಮಾಡದಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ಓರಿಯೆಂಟೇಶನ್ ಅನ್ನು ಲ್ಯಾಂಡ್‌ಸ್ಕೇಪ್ ಮಾಡಿ. ಮೌಸ್ ಆಗ ಉಲ್ಟಾ ಓಡುತ್ತದೆ, ನಿಧಾನ.